ಸೀತಕ್ಕ ಹೇಳಿದ ಹೆಸರು

ಮೈಸೂರು ರಾಜ್ಯದಿಂದ ಸೈನ್ಯಕ್ಕೆ ಹೋಗಿ ಹೆಸರು ಮಾಡಿದವರನ್ನು ಗೌರವಿಸಬೇಕೆಂದು ಅರವತ್ತಾರರ ಗಣರಾಜ್ಯೋತ್ಸವಕ್ಕೆ ಬೆಳ್ಳಾರೆಯ ಮಹನೀಯರಿಗೆ ಹೊಳೆಯಿತು. ಪಾಕಿಸ್ತಾನದ ಜತೆಗಿನ ಯುದ್ಧ ಆಗಷ್ಟೇ ಮುಗಿದಿತ್ತು. ಹೋಟೆಲಿನ ಬೆಂಚಿನಲ್ಲಿ ಕೂತು ಲಾಹೋರು ಗೆದ್ದವರಿಗೆ ನಮ್ಮಲ್ಲೇನು ಬರವೇ? ಪುತ್ತೂರಿನಿಂದ ಇಬ್ಬರು ಜನರಲ್‌ಗಳ ಪಟ ಬಸ್ಸಿನಲ್ಲಿ ಬಂತು. ಪಟಗಳ ಪಕ್ಕದಲ್ಲಿ ನಮ್ಮೂರಿನ ಸೈನಿಕನೊಬ್ಬನ ಹೆಸರನ್ನೂ ಹಲಗೆಯ ಮೇಲೆ ಬರೆದಿಡುವುದೆಂದಾಯಿತು. ಹಾಗೆ ಇದ್ದವನು ಸೀತಕ್ಕನ ಗಂಡ ಒಬ್ಬನೇ. ಬರ್ಮಾ ಯುದ್ಧಕ್ಕೆ ಹೋದವನು ಅಲ್ಲಿಯ ಕಾಡಿನಲ್ಲಿ ಕಾಣೆಯಾಗಿ ಇಪ್ಪತ್ತು ವರ್ಷ ದಾಟಿತ್ತು.

ಆದರೆ ಅವನ ಹೆಸರೇ ಯಾರಿಗೂ ಗೊತ್ತಿಲ್ಲ! ಇಚಿಲಂಪಾಡಿಯಿಂದ ಸೀತಕ್ಕನ ಮನೆಗೆ ಅಳಿಯನಾಗಿ ಬಂದು, ಒಂದು ಮಳೆಗಾಲ ಇದ್ದು ಹೋದವನು. ಪಟ್ಟಾಳ ಎಂದರೆ ಸೈನ್ಯ ಸೇರಿದವನಾದ್ದರಿಂದ ಊರಿಗೆ ಅವನು 'ಪಟ್ಟಾಳದ ಭಾವ', ಅಷ್ಟೆ. ಊರಿನ ಜಾತಕವೆಲ್ಲ ಬಲ್ಲ ಬೀಡಿ ಅಂಗಡಿಯ ಆದಂ ಕುಂಞಿಯೂ ತಲೆ ಕೆರೆದುಕೊಂಡ. ಇಚಿಲಂಪಾಡಿಯಲ್ಲಿ ಅವನ ಕಡೆಯವರು ಯಾರೂ ಉಳಿದಿರಲಿಲ್ಲ.

ಕೊನೆಗೆ ಶಾಲೆಯ ತ್ಯಾಂಪಣ್ಣ ಮಾಸ್ಟ್ರು ಸೀತಕ್ಕನ ಜಗಲಿಗೇ ಬಂದರು.

"ಯಜಮಾನರ ಹೆಸರು ಹೇಳಿ ಸೀತಕ್ಕ. ಜನರಲ್‌ಗಳ ಸಾಲಿನಲ್ಲಿ ಇಡುದು ನಾವು."

"ಎಂತ ಮಾತು ಮಾಸ್ಟ್ರೆ? ಹೆಂಗಸು ಗಂಡನ ಹೆಸರು ಹೇಳುದುಂಟಾ? ಅವರ ಆಯುಷ್ಯ ಕಮ್ಮಿ ಆಗುದಿಲ್ವಾ?"

ಮಾಸ್ಟ್ರ ಕಣ್ಣು ಅವಳ ಕೊರಳಿನ ಕರಿಮಣಿಯ ಮೇಲೆ ಬಿತ್ತು. ಗಂಡನ ಬೊಜ್ಜ ಮಾಡಿ ಮುಗಿಸು ಎಂದು ನೆಂಟರು ಹೇಳಿ ಹೇಳಿ ಸೋತಿದ್ದರು. ಹೆಣ ಕಾಣದೆ ಉತ್ತರಕ್ರಿಯೆ ಯಾರದ್ದು ಮಾಡುವುದು ಎಂದು ಅವಳು ಕೇಳಿದ್ದಳು. ನೆಂಟರು ಬರುವುದನ್ನೇ ಬಿಟ್ಟರು; ಮದುವೆ ಕಂಡ ಹಿರಿಯರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅವಳು ಮಾತ್ರ ದಿನಾ ಸಂಜೆ ಇಬ್ಬರಿಗಾಗುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಡುತ್ತಿದ್ದಳು. ಉಳಿದದ್ದನ್ನು ಮರುದಿನ ಬೆಳಿಗ್ಗೆ ತಾನೇ ಉಣ್ಣುತ್ತಿದ್ದಳು.

"ಕಿವಿಯಲ್ಲಾದರೂ ಹೇಳಿ ಮಾರಾಯ್ರೆ."

"ಕಿವಿಯಲ್ಲಿ ಹೇಳಿದರೂ ಹೇಳಿದ ಹಾಗೆಯೇ. ಊರಲ್ಲಿ ಬೇರೆ ಯಾರಿಗಾದರೂ ಗೊತ್ತಿದ್ದೀತು, ಕೇಳಿ."

ಗಣರಾಜ್ಯೋತ್ಸವದ ದಿನ ಸೀತಕ್ಕನನ್ನು ಶಾಲೆಯ ಅಂಗಳದಲ್ಲಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅಕ್ಕಪಕ್ಕದ ಕುರ್ಚಿಗಳು ಖಾಲಿ. ಗಂಡನಿಲ್ಲದೆ ಕುಂಕುಮ ಇಡುವವಳ ಹತ್ತಿರ ಕೂರಲು ಹೆಂಗಸರಿಗೆ ಎಂಥದೋ ಮುಜುಗರ. ಮಾಸ್ಟ್ರು ಮೈಕಿನ ಮುಂದೆ ನಿಂತು ಜನರಲ್‌ಗಳ ಹೆಸರು, ಬಿರುದು, ಪದಕಗಳನ್ನೆಲ್ಲ ಉಸಿರು ಕಟ್ಟುವಷ್ಟು ಉದ್ದಕ್ಕೆ ಓದಿ ಪಟಗಳಿಗೆ ಹಾರ ಹಾಕಿದರು. ಆಮೇಲೆ ಖಾಲಿ ಹಲಗೆಯ ಕಡೆ ತಿರುಗಿ, "ಇನ್ನು, ಹೆಸರು ತಿಳಿಯದ ನಮ್ಮೂರಿನ ಯೋಧ..." ಎಂದರು.

ಸೀತಕ್ಕ ತಲೆಯೆತ್ತಿ ಹಲಗೆಯನ್ನು ನೋಡಿದಳು. ಹೆಸರಿಲ್ಲದವನೆಂದರೆ ಏನು? ಅವನು ಅಪ್ಪ ಅಮ್ಮ ಇಲ್ಲದೆ ಹುಟ್ಟಿದವನೇ? ಆ ಹೆಸರು ಈಗ ಭೂಮಿಯ ಮೇಲೆ ಉಳಿದಿರುವುದು ತನ್ನೊಬ್ಬಳ ಬಾಯೊಳಗೆ ಎಂದು ಆಗ ಅವಳಿಗೆ ಹೊಳೆಯಿತು. ತನ್ನನ್ನು ಸುಟ್ಟ ದಿನ ಅದೂ ಸುಟ್ಟುಹೋಗುತ್ತದೆ.

ಎದ್ದು ನಿಂತಳು.

"ಹೆಸರು ಉಂಟು ಮಾಸ್ಟ್ರೆ."

ಮಾಸ್ಟ್ರು ಮೈಕು ಹತ್ತಿರ ತಂದರು. ಸೀತಕ್ಕನ ಕೈ ಕರಿಮಣಿಯನ್ನು ಗಟ್ಟಿಯಾಗಿ ಹಿಡಿಯಿತು.

"ದೂಮಣ್ಣ," ಎಂದಳು. "ಇಚಿಲಂಪಾಡಿ ದೂಮಣ್ಣ."

ಜನ ಚಪ್ಪಾಳೆ ತಟ್ಟಿದರು. ಮಾಸ್ಟ್ರು ಸೀಮೆಸುಣ್ಣದಲ್ಲಿ ದೊಡ್ಡಕ್ಷರದಲ್ಲಿ ಬರೆದು, ಹಲಗೆಗೂ ಒಂದು ಹಾರ ಹಾಕಿದರು. ಊರಿಗೆ ಒಬ್ಬ ವೀರ ಸಿಕ್ಕಿದ. ಹಾರ ಬಿದ್ದ ಹೆಸರನ್ನು ಸೀತಕ್ಕ ನೋಡುತ್ತ ನಿಂತಳು. ಓದಲು ಬರದಿದ್ದರೂ ಅವಳಿಗೆ ಎಲ್ಲ ಅರ್ಥವಾಯಿತು. ಅವಳ ಪಾಲಿಗೆ ಅವನು ಸತ್ತದ್ದು ಬರ್ಮಾದಲ್ಲಲ್ಲ, ಈ ಅಂಗಳದಲ್ಲಿ, ಈಗ.

ಲಾಡು ಹಂಚುವ ಗದ್ದಲದಲ್ಲಿ ಅವಳು ಹೊರಟದ್ದನ್ನು ಯಾರೂ ನೋಡಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಿ ತೆರೆದವಳು ಹಾಗೇ ನಿಂತಳು. ಇನ್ನು ಆಯುಷ್ಯದ ಹೆದರಿಕೆ ಇರಲಿಲ್ಲ. ಬಾಗಿಲ ಕಡೆ ತಿರುಗಿ, ಮದುವೆಯಾದ ಮೇಲೆ ಒಮ್ಮೆಯೂ ಕರೆಯದ ಹಾಗೆ, ಗಟ್ಟಿಯಾಗಿ ಕರೆದಳು:

"ದೂಮಣ್ಣಾ..."

ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಬ್ಬಳಿಗಾಗುವಷ್ಟು ಅಕ್ಕಿ ತೆಗೆದು ತೊಳೆದಳು.