ಅಫೀಫಾಳ ಗುರುವಾರ

ನಬೀಹ ಪಾದ್ರಿಯವರು ಗುರುವಾರ ಮಧ್ಯಾಹ್ನ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಆರು ವಾರಗಳಿಂದ ಅಫೀಫಾಳ ತಲೆ ಕೊರೆಯುತ್ತಿತ್ತು. ಗುರುವಾರ ನಾಲ್ಕು ಗಂಟೆ ಅವಳದು. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಪಾದ್ರಿಯವರು ಆ ಹೊತ್ತಿಗೆ ಅವಳ ಮನೆಗೆ ಬಂದು, ರವೆಯ ಸಿಹಿ ತಿಂದು, ಒಂದು ಕೀರ್ತನೆ ಓದಿ, ಅವಳ ಮಂಡಿನೋವಿನಿಂದ ಹಿಡಿದು ನಾದಿನಿಯ ಪಿತೂರಿಯವರೆಗೆ ಎಲ್ಲವನ್ನೂ ಕೇಳಿಸಿಕೊಂಡು ಹೋಗುತ್ತಿದ್ದರು. ನಡುವೆ ಬಾಯಿ ಹಾಕದೆ ಯಾರಾದರೂ ಅವಳ ಮಾತು ಕೇಳುತ್ತಿದ್ದದ್ದು ವಾರಕ್ಕೆ ಆ ಒಂದು ಗಂಟೆ ಮಾತ್ರ. ಈಗ ಆರು ಗುರುವಾರ ಸಿಹಿ ತಟ್ಟೆಯಲ್ಲೇ ಒಣಗಿತ್ತು. ಬೇರೆ ದಿನ ಬರಲೇ ಎಂದು ಅವರು ಕೇಳದೆ ಇರಲಿಲ್ಲ. ನನ್ನ ದಿನ ಗುರುವಾರ ಎಂದು ಇವಳೇ ಮುಖ ತಿರುಗಿಸಿದ್ದಳು. ಎಲ್ಲಿಗೆ ಹೋಗುತ್ತೀರಿ ಎಂದರೆ, ಅದು ಇನ್ನೊಬ್ಬರ ಮನೆಯ ವಿಷಯ ಎಂದು ಅವರು ನಕ್ಕು ಸುಮ್ಮನಾಗುತ್ತಿದ್ದರು. ಅಫೀಫಾಳಂಥವಳಿಗೆ ಇಂಥ ಉತ್ತರ ಕೊಡುವುದೆಂದರೆ ಉರಿಯುವ ಒಲೆಗೆ ಎಣ್ಣೆ ಸುರಿದ ಹಾಗೆ.

ಬೇತ್ ಜಾಲ ಊರಿನ ಲುಥೆರನ್ ಕ್ರೈಸ್ತ ಸಭೆಯ ಮಂಡಳಿಯಲ್ಲಿ ಏಳು ಜನ. ಭಾನುವಾರ ಅವರ ಮುಂದೆ ಒಂದು ಠರಾವು ಬರಲಿತ್ತು. ಪಾದ್ರಿಯವರ ವಾರವೆಲ್ಲ ಸಭೆಯ ಮನೆಗಳಿಗೇ ಮೀಸಲು, ಹೊರಗಿನವರ ಜಗಳ, ಪಂಚಾಯಿತಿ, ಆಸ್ಪತ್ರೆ ಎಂದು ಇನ್ನು ಅಲೆಯಕೂಡದು ಎಂಬುದು ಅದರ ಸಾರ. ಮೂವರು ಹೌದು ಎಂದಿದ್ದರು, ಮೂವರು ಬೇಡ ಎಂದಿದ್ದರು. ಏಳನೆಯ ಕೈ ಅಫೀಫಾಳದು.

ಠರಾವು ತಂದ ಔಷಧಿ ಅಂಗಡಿಯ ಬಂದಲಿ ಅವಳ ಮನೆಗೇ ಬಂದು ಕಿವಿ ಊದಿದ್ದ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ನಮ್ಮ ಪಾದ್ರಿಗಳೇ ನೋಡಿ ಅಫೀಫಮ್ಮ," ಎಂದಿದ್ದ. ಅವಳು ತಲೆಯಾಡಿಸಿದ್ದಳು. ಆದರೆ ವಿಷಯ ಪೂರ್ತಿ ತಿಳಿಯದೆ ಒಬ್ಬರನ್ನು ಬೈಯುವುದು ಅವಳಿಗೆ ರುಚಿಸುತ್ತಿರಲಿಲ್ಲ.

ಹಾಗಾಗಿ ಗುರುವಾರ ಮೂರು ಗಂಟೆಗೆ ಕೈಚೀಲ ಹಿಡಿದು ಚರ್ಚಿನ ಎದುರಿನ ಬೇಕರಿಯಲ್ಲಿ, ಕೊಳ್ಳದ ರೊಟ್ಟಿಯನ್ನು ಮುಟ್ಟಿ ಮುಟ್ಟಿ ನೋಡುತ್ತಾ ನಿಂತಳು. ಪಾದ್ರಿಯವರು ಬಂದು ಟ್ಯಾಕ್ಸಿ ಹತ್ತಿದರು. ಇವಳು ಹಿಂದಿನ ಟ್ಯಾಕ್ಸಿ ಹತ್ತಿ, ಆ ಕಾರಿನ ಹಿಂದೆಯೇ ಹೋಗು ಎಂದಳು. ಏನಜ್ಜಿ, ಮೊಮ್ಮಗ ಓಡಿಹೋಗ್ತಿದ್ದಾನಾ ಎಂದು ಚಾಲಕ ಕೇಳಿದ. ರಸ್ತೆ ನೋಡಿ ಓಡಿಸು ಎಂದು ಗದರಿದಳು.

ಕಾರು ನಿಂತದ್ದು ಪಕ್ಕದೂರು ಅಲ್ ಖಾದರಿನ ಮುಸ್ಲಿಮರ ಮನೆಯೊಂದರ ಮುಂದೆ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಕಪ್ಪು ಕೋಟಿನ ಹಿರಿಯರು, ನಡುವೆ ನಬೀಹ ಪಾದ್ರಿ. ಯಾರ ಬಾಯಲ್ಲೂ ಮಾತಿಲ್ಲ. ಪುಟ್ಟ ಕಪ್ಪುಗಳಲ್ಲಿ, ಸಾವಿಗೆ ಕೊಡುವಂಥ ಸಕ್ಕರೆ ಹಾಕದ ಕಾಫಿ. ಸಾವಿನ ಮನೆಯಲ್ಲದೆ ಇನ್ನೇನು? ಅಫೀಫಾಳಿಗೆ ನಾಚಿಕೆಯಾಯಿತು. ಬಂದದ್ದಂತೂ ಆಯಿತು, ಸಾವಿನ ಮನೆಯ ಬಾಗಿಲಿಂದ ಹಾಗೇ ತಿರುಗಿ ಹೋಗಬಾರದು ಎಂದು ಪಕ್ಕದ ಬಾಗಿಲಿಂದ ಹೆಂಗಸರ ಕೋಣೆಗೆ ಹೋದಳು. ಕಣ್ಣು ಬಾತುಕೊಂಡಿದ್ದ ಒಬ್ಬ ಹೆಂಗಸು ಕಾಫಿ ಕೊಟ್ಟಳು. ಅಫೀಫಾ ಒಂದೇ ಗುಟುಕಿಗೆ ಕುಡಿದು, ಇನ್ನು ಸಾಕೆಂಬಂತೆ ಕಪ್ಪು ಅಲುಗಿಸಿ ಹಿಂದಕ್ಕೆ ಕೊಟ್ಟು, ಹೇಳಬೇಕಾದ್ದನ್ನು ಹೇಳಿದಳು.

"ದೇವರು ಅವನಿಗೆ ಕರುಣೆ ತೋರಲಿ ತಾಯಿ. ಅವನ ಉಳಿದ ಆಯುಸ್ಸು ನಿಮಗೆ ಸೇರಲಿ."

ಆ ಹೆಂಗಸು ಯಾರಿಗೆ ಎಂದು ಕೇಳಿದಳು. ತೀರಿಹೋದವನಿಗೆ ಎಂದಳು ಅಫೀಫಾ.

ಮೂಲೆಯ ಮಂಚದಿಂದ ಒಂದು ಗಂಡುದನಿ ಬಂತು. "ಅಜ್ಜಿ, ನಾನಿನ್ನೂ ಸತ್ತಿಲ್ಲ. ಕಾಲು ಮುರಿದಿದೆ ಅಷ್ಟೆ."

ಅಫೀಫಾ ನಾಲಿಗೆ ಕಚ್ಚಿಕೊಂಡಳು. ಪಕ್ಕದಲ್ಲಿದ್ದವಳು ಅವಳ ಕಿವಿಯಲ್ಲಿ ಎಲ್ಲ ಉಸುರಿದಳು. ಮಂಚದಲ್ಲಿದ್ದವನು ರಾತಿಬ್, ಇಪ್ಪತ್ತೆರಡರವನು, ಪಾದ್ರಿಯವರ ಸಭೆ ನಡೆಸುವ ಶಾಲೆಯಲ್ಲೇ ಓದಿದವನು. ಬೇರೆ ಊರಿನವನೊಬ್ಬನ ಕಾರು ಅವನಿಗೆ ಗುದ್ದಿತ್ತು. ಈ ಮನೆಯವರು ಕ್ಷಮಿಸುವ ತನಕ ಗುದ್ದಿದವನು ಜೈಲಿನಲ್ಲೇ. ಅವನ ಪರವಾಗಿ ಕ್ಷಮೆ ಕೇಳಲು ಬಂದ ಹಿರಿಯರು, ವಾಡಿಕೆಯಂತೆ, ಮನೆಯವರು ಆಯಿತು ಎನ್ನುವವರೆಗೆ ಕಾಫಿ ಮುಟ್ಟುವಂತಿಲ್ಲ. ತಂದೆ ಒಪ್ಪಿದ್ದ, ತಾಯಿ ಒಪ್ಪಿರಲಿಲ್ಲ. ಆರು ಗುರುವಾರವೂ ಕಪ್ಪುಗಳು ತುಂಬಿದಂತೆಯೇ ಆರಿಹೋಗಿದ್ದವು. ಅಫೀಫಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಣ್ಣು ಬಾತಿದ್ದ ಹೆಂಗಸೇ ರಾತಿಬನ ತಾಯಿ. ಅವಳು ಮಂಚದ ಕಡೆ ತಿರುಗಿ ಮಗನನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಮೊದಲು ನಕ್ಕಳು. ನಕ್ಕು ನಕ್ಕು ಅತ್ತಳು. "ಹೌದಲ್ಲ, ಇವನು ಸತ್ತಿಲ್ಲ. ಆರು ವಾರದಿಂದ ನಾನೇ ಇವನು ಸತ್ತೇಹೋದ ಹಾಗೆ ಅಳ್ತಾ ಇದ್ದೀನಿ," ಎಂದಳು. ಎದ್ದು ಅಂಗಳದ ಬಾಗಿಲಿಗೆ ಹೋಗಿ ನಿಂತಳು. "ಕಾಫಿ ಕುಡೀರಪ್ಪ. ಜೈಲಲ್ಲಿರೋ ಆ ಹುಡುಗ ಅವರಮ್ಮನ ಹತ್ತಿರ ಹೋಗಲಿ."

ಹಿರಿಯರೆಲ್ಲ ಒಟ್ಟಿಗೇ ಕಪ್ಪು ಎತ್ತಿದರು. ಪಾದ್ರಿಯವರು ಬಾಗಿಲಲ್ಲಿ ಆ ತಾಯಿಯ ಹಿಂದೆ ಅಫೀಫಾಳ ಮುಖ ಕಂಡು, ಎತ್ತಿದ ಕಪ್ಪನ್ನು ಅರ್ಧದಲ್ಲೇ ತಡೆದರು.

ಹೊರಡುವಾಗ ರಾತಿಬನ ತಾಯಿ ಅವಳ ಕೈ ಹಿಡಿದು, ನೀವು ಯಾರ ಕಡೆಯವರು ಎಂದು ವಿಚಾರಿಸಿದಳು. ಪಾದ್ರಿಗಳ ಸಭೆಯವಳು ಎಂದಳು ಅಫೀಫಾ.

"ಅವರು ನಿಮಗೂ ಪಾದ್ರಿನಾ? ಉಳಿದವರು ಎದ್ದುಹೋದ ಮೇಲೂ ಕೂತು ನನ್ನ ಮಾತು ಕೇಳ್ತಿದ್ದರು. ಒಂದು ಸಲಾನೂ ಮಧ್ಯೆ ಬಾಯಿ ಹಾಕಲಿಲ್ಲ. ಇನ್ನು ಬರೋದು ಬಿಡ್ತಾರೇನೋ ಅಂತ ಈಗ ಹೆದರಿಕೆ."

ಅಫೀಫಾಳಿಗೆ ಹೊಟ್ಟೆಕಿಚ್ಚಾಯಿತು. ಮಂಡಿನೋವಿಗಿಂತ ಜೋರಾಗಿಯೇ ಆಯಿತು. ಆ ಗಂಟೆಯ ಬೆಲೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಹೆಂಗಸಿನ ಕೈ ಒತ್ತಿ ಹೊರಟಳು.

ಭಾನುವಾರ ಬಂದಲಿ ಠರಾವು ಓದಿದ. ಮೂರು ಕೈ ಮೇಲೆದ್ದವು. ಎಲ್ಲರೂ ಅಫೀಫಾಳನ್ನು ನೋಡಿದರು, ಪಾದ್ರಿಯವರು ಮೇಜನ್ನು ನೋಡುತ್ತಿದ್ದರು. ಅವಳ ಕೈ ಮಡಿಲಲ್ಲೇ ಇತ್ತು.

"ಗುರುವಾರ ಸಭೆಯದಲ್ಲ, ಮಂಡಳಿಯದೂ ಅಲ್ಲ, ನನ್ನದು. ಅಲ್ ಖಾದರಿನ ಒಬ್ಬ ತಾಯಿಗೆ ಅದನ್ನ ಕೊಟ್ಟುಬಿಟ್ಟಿದ್ದೀನಿ," ಎಂದಳು. ಆಮೇಲೆ ಪಾದ್ರಿಯವರ ಕಡೆ ತಿರುಗಿ, ಯಾವತ್ತಿನ ಬಿರುಸಿನಲ್ಲೇ ಕೇಳಿದಳು: "ನನಗೆ ಯಾವ ದಿನ ಕೊಡ್ತೀರಿ?"