ಗುರುವಾರ ಒಟ್ಟಿಗೆ ಮೂಕವಾಗುವ ಫೋನುಗಳು

ಊರಿನ ಪ್ರತಿಯೊಬ್ಬರ ಫೋನು ಎಲ್ಲೆಲ್ಲಿ ಓಡಾಡಿತೆಂಬ ಮಾಹಿತಿಯನ್ನು ವರ್ಷಗಟ್ಟಲೆ ಕೂಡಿಡುವ ಕಾನೂನನ್ನು ಕಾಡಿಬೇಡಿ ತರಿಸಿಕೊಂಡವನು ನಿಗಾ ವಿಭಾಗದ ಮುಖ್ಯಸ್ಥ ಕಾಲೆವಿ. ಆ ರಾಶಿಯನ್ನು ಯಾರೋ ಕದ್ದು ಅಂತರ್ಜಾಲದಲ್ಲಿ ಸುರಿದ ಬೆಳಿಗ್ಗೆಯೂ ಅವನು ನಿಶ್ಚಿಂತೆಯಿಂದ ಏಲಕ್ಕಿ ಬನ್ನು ಜಗಿಯುತ್ತಿದ್ದ.

"ಅದ್ರಲ್ಲಿ ಹೆಸರಿಲ್ಲ, ಫೋನ್ ನಂಬರೂ ಇಲ್ಲ. ಯಾಕೆ ಐಲಾ, ಮುಖ ಸಿಂಡರಿಸ್ಕೊಂಡಿದೀಯ?"

ವಿಶ್ಲೇಷಕಿ ಐಲಾ ತನ್ನ ಪರದೆಯನ್ನು ಅವನತ್ತ ತಿರುಗಿಸಿದಳು. ಕಡಲಂಚಿನ ಒಂದೇ ಜಾಗದಲ್ಲಿ ಪ್ರತಿ ಗುರುವಾರ ಸಂಜೆ ಒಂಬತ್ತು ಫೋನುಗಳು ಒಟ್ಟಿಗೆ ಸತ್ತು, ಒಟ್ಟಿಗೆ ಜೀವ ಪಡೆಯುತ್ತಿದ್ದವು.

"ಸೌನಾ ಹಬೆಮನೆಗೆ ಹೋಗೋವಾಗ ಎಲ್ರೂ ಒಂದೇ ಸಲ ಫೋನ್ ಆಫ್ ಮಾಡೋ ಶಿಸ್ತು ಈ ಊರಲ್ಲಿ ಇನ್ಯಾರಿಗಿದೆ ಹೇಳು? ನಿನ್ನ ಪಟಾಲಂಗೆ ಮಾತ್ರ."

"ಭದ್ರತೆಗೆ ಅಂತ ನಾನೇ ಮಾಡಿದ ನಿಯಮ ಅದು."

"ಭೇಷ್! ಒಳಗೆ ಬೆತ್ತಲೆ ಕೂತು ಹಬೇಲಿ ದೇಶದ ಗುಟ್ಟು ಮಾತಾಡೋದು, ಹೊರಗೆ ಫೋನುಗಳು ಡಂಗುರ ಹೊಡೆಯೋದು."

ರಾತ್ರಿಯಾದರೆ ಅವುಗಳಲ್ಲಿ ಎಂಟು ಫೋನುಗಳು ಇಲಾಖೆಯವರ ಮನೆಗಳಲ್ಲಿರುತ್ತಿದ್ದವು. ಒಂಬತ್ತನೆಯದು ಬಂದರಿನ ಪಕ್ಕದ ಮನೆಯಲ್ಲಿ. ಅದು ಹಡಗು ಕಂಪನಿಯ ಗುಮಾಸ್ತ ರೈನೊನ ಮನೆ. ತನ್ನ ಮಾಲೀಕರು ಬಂದೂಕು ಸಾಗಿಸುವ ಸುದ್ದಿಯನ್ನು ಆ ಸೌನಾದಲ್ಲಿ ಗುಟ್ಟಾಗಿ ಇಲಾಖೆಗೆ ಮುಟ್ಟಿಸುತ್ತಿದ್ದವನು ಅವನೇ. ಐಲಾ ಅರ್ಧ ಗಂಟೆಯಲ್ಲಿ ಕಂಡುಕೊಂಡದ್ದನ್ನು ಆ ಮಾಲೀಕರೂ ಕಂಡುಕೊಳ್ಳಬಹುದಿತ್ತು.

"ಅವನನ್ನ ಈಗ್ಲೇ ಅಲ್ಲಿಂದ ಹೊರಡಿಸಬೇಕು."

"ಹೊರಡಿಸಿದ್ರೆ ಅಪಾಯ ಇದೆ ಅಂತ ನಾವೇ ಒಪ್ಕೊಂಡ ಹಾಗಾಗತ್ತೆ. ಮಧ್ಯಾಹ್ನ ಸುದ್ದಿಗೋಷ್ಠಿ ಇದೆ. ಸಂಜೆವರೆಗೆ ತಾಳು."

ಕಾಲೆವಿಯ ಕೋಟಿನ ಮೇಲೆ ಬನ್ನಿನ ಪುಡಿ ಉದುರಿತ್ತು. ಊರನ್ನೆಲ್ಲ ನೋಡುವ ಈ ಮನುಷ್ಯನಿಗೆ ತನ್ನ ಎದೆಯ ಮೇಲಿನದು ಕಾಣುವುದಿಲ್ಲ ಎಂದುಕೊಂಡಳು ಐಲಾ. "ಸುಳ್ಳನ್ನ ಚೆನ್ನಾಗಿ ಬಾಯಿಪಾಠ ಮಾಡ್ಕೋ" ಎಂದು ಕಾರಿನ ಕೀಲಿ ಎತ್ತಿಕೊಂಡು ಹೊರಟಳು.

ವಿಷಯ ಕೇಳಿದ ರೈನೊ ಬಾಗಿಲಲ್ಲೇ ಬಿಳಿಚಿಕೊಂಡ. "ಅಲ್ಲ, ನಾನು ಒಂದು ಗುರುವಾರಾನೂ ತಪ್ಪಿಸದೆ ಫೋನ್ ಆಫ್ ಮಾಡಿದೀನಿ! ಕಾಲೆವಿ ಹೇಳಿದ ಹಾಗೇ."

"ಗೊತ್ತು. ಅದಕ್ಕೇ ಸಿಕ್ಕಿಬಿದ್ದೆ. ಹೆಂಡತೀನ ಕರಿ. ಫೋನ್ ಆನ್ ಆಗೇ ಇರ್ಲಿ, ಆದ್ರೆ ಮನೇಲೇ ಇರ್ಲಿ."

ಮೂವರೂ ಉತ್ತರದ ಹೆದ್ದಾರಿ ಹಿಡಿದಾಗ ಕಾರಿನ ರೇಡಿಯೋದಲ್ಲಿ ಕಾಲೆವಿಯ ದನಿ ಬೆಣ್ಣೆಯಂತೆ ಜಾರುತ್ತಿತ್ತು: ಒಬ್ಬನೇ ಒಬ್ಬ ನಾಗರಿಕನಿಗೂ ತೊಂದರೆಯಾಗಿಲ್ಲ, ಆಗುವುದೂ ಇಲ್ಲ.

ಮಡಿಲಲ್ಲಿ ಚೀಲ ಅವುಚಿಕೊಂಡು ಹಿಂದೆ ಕುಳಿತಿದ್ದ ರೈನೊನ ಹೆಂಡತಿ ಮೊದಲ ಬಾರಿಗೆ ಬಾಯಿಬಿಟ್ಟಳು.

"ಈ ಅಯೋಗ್ಯನಿಗೆ ಸಂಬಳ ಬೇರೆ ಕೊಡ್ತಾರಾ?"