ನಡಾವಳಿ ಬರೆಯುವವಳು

ನಡಾವಳಿ ಪುಸ್ತಕ ಉದ್ದನೆಯ ಮೇಜಿನ ಮೇಲೆ ಕೈಯಿಂದ ಕೈಗೆ ಜಾರುತ್ತ ಬಂದು, ಎಂದಿನಂತೆ, ಕೊನೆಯ ಕುರ್ಚಿಯವಳ ಮುಂದೆ ನಿಂತಿತು. ಹನ್ನೊಂದು ಮಂದಿ ಹಿರಿಯ ವಿಜ್ಞಾನಿಗಳಲ್ಲಿ ಒಬ್ಬರೂ ಅದನ್ನು ತೆರೆದು ನೋಡಲಿಲ್ಲ. ಬಿಸಿ ಪಾತ್ರೆ ದಾಟಿಸುವ ಹಾಗೆ ದಾಟಿಸಿಬಿಟ್ಟರು. ಅವಳು ಪೆನ್ನಿನ ಮುಚ್ಚಳ ತೆಗೆದು ತಾರೀಕು ಬರೆದಳು.

ವಿಜ್ಞಾನ ಅಕಾಡೆಮಿಯ ಮಂಡಳಿಯಲ್ಲಿ ಎಳೆಯರಿಗೂ ಒಂದು ದನಿ ಇರಲಿ ಎಂದು ಆ ವರ್ಷ ಒಂದು ಕುರ್ಚಿ ಹೆಚ್ಚಿಗೆ ಹಾಕಿಸಿದ್ದರು. ಪ್ರಯೋಗಾಲಯಗಳ ಕಿರಿಯ ಸಂಶೋಧಕರೆಲ್ಲ ಸೇರಿ ಅವಳನ್ನು ಆರಿಸಿ ಕಳಿಸಿದ್ದರು. ಮೊದಲ ಸಭೆಯಲ್ಲೇ ಕಾರ್ಯದರ್ಶಿಗಳು, "ನಿಮ್ಮ ಅಕ್ಷರ ಮುದ್ದಾಗಿದೆಯಂತೆ," ಎಂದು ಪುಸ್ತಕ ಮುಂದಿಟ್ಟರು. ಹೊಗಳಿಕೆಗೆ ಹಿಗ್ಗಿ ತೆಗೆದುಕೊಂಡಳು. ಎಡವಟ್ಟಾದದ್ದು ಅಲ್ಲೇ. ನಡಾವಳಿ ಬರೆಯುವವರು ಚರ್ಚೆಯಲ್ಲಿ ಬಾಯಿ ಹಾಕುವಂತಿಲ್ಲ ಎಂಬುದು ಅಲ್ಲಿ ಯಾವ ಕಾಲದಿಂದಲೋ ನಡೆದುಬಂದ ಕಟ್ಟಳೆ. ಬಾಯಿ ಬಿಟ್ಟರೆ ತಮ್ಮ ಮಾತನ್ನೇ ಚೆಂದ ಮಾಡಿ ಬರೆದುಕೊಂಡಾರು ಎಂಬ ಅನುಮಾನ. ಕೇಳಿಸದಿದ್ದರೆ "ಇನ್ನೊಮ್ಮೆ ಹೇಳಿ" ಅನ್ನಬಹುದು, ಅಷ್ಟೇ. ಮೂರು ಸಭೆ ಮುಗಿಯುವಷ್ಟರಲ್ಲಿ ಎಳೆಯರ ದನಿ ಆರು ಸಲ "ಇನ್ನೊಮ್ಮೆ ಹೇಳಿ" ಎಂದಿತ್ತು.

"ಇವತ್ತಾದ್ರೂ ಮಾತಾಡಿದ್ಯಾ?" ಎಂದು ಪ್ರತಿ ಸಭೆಯ ಸಂಜೆ ಅಮ್ಮ ಕೇಳುತ್ತಿದ್ದಳು.

"ಬರ್ಕೊಂಡೆ ಅಮ್ಮ."

"ಬರ್ಕೊಳ್ಳೋಕೆ ಇಷ್ಟೆಲ್ಲ ಓದ್ಬೇಕಿತ್ತೇನೇ? ನಾನು ಹತ್ತನೇ ಕ್ಲಾಸು ಓದ್ಕೊಂಡೇ ಮೂವತ್ತು ವರ್ಷ ಆ ಕೆಲಸ ಮಾಡ್ಲಿಲ್ವಾ?"

ಅಮ್ಮ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ತಮಾಷೆಗೆಂದೇ ಹೇಳಿದ್ದಳು. ಆದರೂ ಆ ಮಾತು ಮಗಳ ಮನಸ್ಸಿಗೆ ನಾಟಿತ್ತು.

ಈ ದಿನದ ನಾಲ್ಕನೆಯ ವಿಷಯ ಸೂಕ್ಷ್ಮದರ್ಶಕದ್ದು. ಅಕಾಡೆಮಿಯ ನೆಲಮಾಳಿಗೆಯಲ್ಲಿದ್ದ ದೊಡ್ಡ ಸೂಕ್ಷ್ಮದರ್ಶಕ ಬಳಸಬೇಕಾದರೆ ಅರ್ಜಿಗೆ ಹಿರಿಯರೊಬ್ಬರ ಸಹಿ ಬೇಕು. ಕಿರಿಯರು ತಮ್ಮದೇ ಸಹಿಯಲ್ಲಿ ಅರ್ಜಿ ಹಾಕುವಂತಾಗಲಿ ಎಂದು ಅರವತ್ತಮೂರು ಜನ ಪತ್ರ ಬರೆದಿದ್ದರು. ಸಹಿಯ ನಿಯಮ ಮಾಡಿದವರು ಅವಳ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ, ಮಂಡಳಿಯ ಹಿರಿಯರಲ್ಲೊಬ್ಬರಾದ ಮೇಷ್ಟ್ರೇ. ಹಿಂದೆ ಯಾರೋ ಹುಡುಗರು ಯಂತ್ರ ಕೆಡಿಸಿದರೆಂದು ಪಟ್ಟು ಹಿಡಿದು ಮಾಡಿಸಿದ್ದರು. ಮೂರು ಸುತ್ತು ಸುತ್ತಿ ಕೊನೆಗೆ ಚುಕ್ಕಿ ಇಡುವ ಅವರ ಸಹಿಗೆ ಕಾದು ಕಾದು ಹುಡುಗರು ಅವರಿಗೆ 'ಸಹಿ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರು. ಅವಳ ಕೆಲಸ ಇನ್ನೆರಡು ವರ್ಷ ಮುಂದುವರಿಯಬೇಕಾದರೂ ಬೇಕಾಗಿದ್ದುದು ಅದೇ ಸಹಿ. ಅದಕ್ಕೆಂದು ಅವಳು ಕೊಟ್ಟಿದ್ದ ಕಾಗದ ಹತ್ತು ದಿನದಿಂದ ಅವರ ಮೇಜಿನ ಮೇಲಿತ್ತು.

"ನಾಳೆ ಆ ವಿಷಯ ಬರುತ್ತೆ," ಎಂದು ನಿನ್ನೆ ಮೇಷ್ಟ್ರು ಹೇಳಿದ್ದರು. "ಹೇಳೋದನ್ನ ನಾನು ಹೇಳ್ತೀನಿ. ನೀನು ಸರಿಯಾಗಿ ಬರ್ಕೊ, ಸಾಕು."

ಕಿಟಕಿಯ ಗಾಳಿ ಬೇಕೆಂದು ಹಟ ಹಿಡಿದು ಸದಾ ಮೇಜಿನ ಈ ತುದಿಯಲ್ಲೇ ಕೂರುವ ಅವರು ಈಗಲೂ ಅವಳ ಪಕ್ಕದಲ್ಲೇ ಇದ್ದರು. ಅಧ್ಯಕ್ಷೆ ಕಾರ್ಯಸೂಚಿಯ ಹಾಳೆ ತಿರುವಿ, "ನಾಲ್ಕನೇದು. ಎಳೆಯರ ಪತ್ರ. ಯಾರು ಮಾತಾಡ್ತೀರಿ?" ಎಂದು ಕೇಳಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಪುಸ್ತಕ ಅವರ ಮುಂದೆ ಬಂದು ಕೂತಿತು. ಅದರ ಮೇಲೆ ಪೆನ್ನು.

"ಸರ್, ಸ್ವಲ್ಪ ಬರ್ಕೋತೀರಾ? ನಾನು ಮಾತಾಡ್ಬೇಕು."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಅವಳಿಗೆ ತನ್ನ ಧೈರ್ಯಕ್ಕೆ ತನಗೇ ಹೆದರಿಕೆಯಾಯಿತು. ಮೇಷ್ಟ್ರು ಪುಸ್ತಕವನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಕೊನೆಗೆ ಪೆನ್ನು ಎತ್ತಿಕೊಂಡರು.

ಅವಳು ಶುರು ಮಾಡಿದಾಗ ದನಿ ಸಣ್ಣಗಿತ್ತು. ಹೇಳುತ್ತಾ ಹೇಳುತ್ತಾ ಹಿಡಿತಕ್ಕೆ ಬಂತು. ಯಂತ್ರ ನಡೆಸುವ ತರಬೇತಿ ಈಗ ಎಲ್ಲರಿಗೂ ಆಗಿದೆ, ಕೆಡುವ ಭಯವಿಲ್ಲ. ಹಿರಿಯರು ಪ್ರವಾಸದಲ್ಲಿರುತ್ತಾರೆ, ಮಾದರಿಗಳು ಅವರಿಗಾಗಿ ಕಾಯುವುದಿಲ್ಲ. ಪತ್ರ ಬರೆದವರಲ್ಲಿ ನಲವತ್ತೊಂದು ಜನ ಸಹಿಗೆ ಕಾಯುತ್ತಲೇ ಮಾದರಿ ಕಳೆದುಕೊಂಡಿದ್ದಾರೆ.

"ಅವರಲ್ಲಿ ನಾನೂ ಒಬ್ಬಳು," ಎಂದಳು, ಮತ್ತೆ ಸಣ್ಣ ದನಿಯಲ್ಲಿ.

ಸರಸರ ಓಡುತ್ತಿದ್ದ ಪೆನ್ನು ನಿಂತಿತು. ಮೇಷ್ಟ್ರು ತಲೆ ಎತ್ತಲಿಲ್ಲ.

"ಇನ್ನೊಮ್ಮೆ ಹೇಳಿ," ಎಂದರು. ವರ್ಷಗಳಿಂದ ಏಕವಚನದಲ್ಲೇ ಕರೆಯುತ್ತಿದ್ದವರು.

ಇಷ್ಟು ದಿನ ಅವರಿಗೆ ಹೇಳದೆ ಮುಚ್ಚಿಟ್ಟಿದ್ದ ಮಾತು ಅದು. ಹೇಳಿದರೆ ದೂರಿದಂತಾದೀತು, ಬೇಜಾರು ಮಾಡಿಕೊಂಡಾರು ಎಂದು ನುಂಗಿಕೊಂಡಿದ್ದಳು.

"ನಲವತ್ತೊಂದು ಜನರಲ್ಲಿ ನಾನೂ ಒಬ್ಬಳು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಹೋದ ವರ್ಷ ಹೂ ಬಿಟ್ಟ ವಾರದಲ್ಲೇ ಪರಾಗ ತಂದಿದ್ದೆ. ಎಂಟು ದಿನ ಆದ್ಮೇಲೆ ಅದು ಕೆಲಸಕ್ಕೆ ಬರಲ್ಲ. ಸರ್ ಉಪನ್ಯಾಸಕ್ಕೆ ಹೋಗಿದ್ರು. ಬಂದದ್ದು ಹನ್ನೊಂದನೇ ದಿನ. ಆ ಗಿಡ ಮತ್ತೆ ಹೂ ಬಿಡೋದು ಇನ್ನು ಮೂರು ವರ್ಷಕ್ಕೆ."

ಪೆನ್ನು ಮತ್ತೆ ಚಲಿಸಿತು. ಈ ಸಲ ನಿಧಾನಕ್ಕೆ, ಒಂದೊಂದೇ ಅಕ್ಷರ. ಎಂಟು. ಹನ್ನೊಂದು. ಮೂರು. ಆ ಅಂಕಿಗಳು ಅವರ ಕೈಯಲ್ಲಿ ಮೂಡುವುದನ್ನು ನೋಡಲಾರದೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವರನ್ನು ನೆನೆದು ಅಯ್ಯೋ ಅನ್ನಿಸಿತು. ಆದರೂ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಅಧ್ಯಕ್ಷೆ ಮೇಜಿನ ಸುತ್ತ ನೋಡಿ, ಎಲ್ಲರೂ ನೋಡುತ್ತಿದ್ದ ಮೇಷ್ಟ್ರ ಕಡೆಗೇ ತಿರುಗಿದರು. "ನಿಯಮ ಮಾಡಿದವರು ನೀವು. ನೀವೇನಂತೀರಿ?"

ಅವಳಿಗೆ ಹೊಳೆದದ್ದು ಆಗಲೇ. ಪುಸ್ತಕ ಕೊಟ್ಟು ಮೇಷ್ಟ್ರ ಬಾಯಿಗೇ ಬೀಗ ಹಾಕಿದ್ದಳು. ಇಷ್ಟು ದಿನ ತನಗಾದದ್ದನ್ನು ಅವರಿಗೆ ಮಾಡುವುದು ಅವಳ ಉದ್ದೇಶವಾಗಿರಲಿಲ್ಲ. "ಸರ್, ಕೊಡಿ, ನಾನು ಬರ್ಕೋತೀನಿ. ನೀವು ಮಾತಾಡಿ," ಎಂದು ಕೈ ಚಾಚಿದಳು.

ಮೇಷ್ಟ್ರು ಪುಸ್ತಕದ ಮೇಲೆ ಅಂಗೈ ಊರಿದರು.

"ನಾನು ಬರೀತಾ ಇದ್ದೀನಲ್ಲ," ಎಂದರು ಅಧ್ಯಕ್ಷೆಗೆ. "ಬರೆಯೋರು ಮಾತಾಡೋ ಹಾಗಿಲ್ಲ."

ಕಾರ್ಯದರ್ಶಿಗಳು ಕೆಮ್ಮಿದರು. ಯಾರೋ ನಕ್ಕು ಸುಮ್ಮನಾದರು. "ಹಾಗಾದ್ರೆ ಆಕ್ಷೇಪ ಇಲ್ಲ," ಎಂದು ಅಧ್ಯಕ್ಷೆ ಕಾದರು, ಮತ್ತೂ ಸ್ವಲ್ಪ ಹೊತ್ತು ಕಾದರು. "ಬರ್ಕೊಳ್ಳಿ. ಮುಂದಿನ ತಿಂಗಳಿಂದ ಅವರವರ ಸಹಿ."

ಮೇಷ್ಟ್ರು ಬರೆದುಕೊಂಡರು. ಮಾತಾಡಿದವರ ಹೆಸರಿನ ಜಾಗದಲ್ಲಿ ಅವಳ ಪೂರ್ತಿ ಹೆಸರಿತ್ತು. ಅದರ ಕೆಳಗೆ, ಯಾರೂ ಕೇಳದಿದ್ದರೂ, ಮೂರು ಸುತ್ತು ಸುತ್ತಿ ಚುಕ್ಕಿ ಇಟ್ಟರು.

"ಐದನೇ ವಿಷಯ," ಎಂದರು ಅಧ್ಯಕ್ಷೆ.

ಪುಸ್ತಕಕ್ಕಾಗಿ ಅವಳು ಮತ್ತೆ ಕೈ ಚಾಚಿದಳು. ಮೇಷ್ಟ್ರು ಅದನ್ನು ಎತ್ತಿ ತಮ್ಮ ಆ ಪಕ್ಕಕ್ಕೆ, ಅವಳಿಗೆ ಎಟುಕದಂತೆ ಇಟ್ಟುಕೊಂಡು ಹೊಸ ಪುಟ ತಿರುವಿದರು. ಅವಳ ಮುಂದೆ ಮೇಜು ಬರಿದಾಗಿತ್ತು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವಳು ಎರಡೂ ಕೈಗಳನ್ನು ಅದರ ಮೇಲಿಟ್ಟು ಕೂತಳು.